ಹೊಳೆ ದಂಡೆಯಲ್ಲಿ ಹತ್ತಿದ ದೋಣಿ ಹುಚ್ಚು

ಕೊಡಗು ಅಂದ್ರೆ ಜನರಿಗೆ ಬೆಟ್ಟ, ಕಾಫಿ, ಮಂಜು ನೆನಪಾಗುತ್ತವೆ. ದೋಣಿ ಅಂದ ಕೂಡಲೇ ಎಲ್ಲರ ಮನಸ್ಸು ಮಂಗಳೂರು, ಕಾರವಾರದ ಕಡೆ ಓಡುತ್ತದೆ. ಹಾಗಾಗಿ "ನಿಮಗೆ ಈ ಹುಚ್ಚು ಎಲ್ಲಿಂದ ಹತ್ತಿತು?" ಅಂತ ನನ್ನನ್ನು ಕೇಳದವರಿಲ್ಲ. ರಾಫ್ಟಿಂಗ್ ಗೈಡ್ ಆಗಿದ್ದಾಗ ಬೆಂಗಳೂರಿನಿಂದ ಬಂದವರು ಕೇಳುತ್ತಿದ್ದರು. ಈಗ ತೋಟ ನೋಡಿಕೊಂಡು, ಬಿಡುವಾದಾಗ ಹರಿಗೋಲು, ಅಂದರೆ ಬಿದಿರಿನ ದುಂಡು ದೋಣಿ, ಹೊತ್ತು ಹೊಳೆಗೆ ಇಳಿಯುವಾಗ ನೆಂಟರೇ ಕೇಳುತ್ತಾರೆ. ಹೆಂಗಸು ಅಂದ ಮೇಲೆ ಪ್ರಶ್ನೆ ಇನ್ನೂ ಸ್ವಲ್ಪ ಉದ್ದ ಆಗುತ್ತದೆ, ಬಿಡಿ.

ನಮ್ಮ ಮನೆ ಸಿದ್ದಾಪುರದಿಂದ ಕೆಳಗೆ, ಕಾವೇರಿ ದಂಡೆಯಲ್ಲಿ. ಮನೆ, ತೋಟ, ಗದ್ದೆ ಈ ಕಡೆ. ಶಾಲೆ, ನ್ಯಾಯಬೆಲೆ ಅಂಗಡಿ, ಬಸ್ಸು ಎಲ್ಲವೂ ಆ ಕಡೆ. ಸೇತುವೆ ಸುತ್ತಿ ಹೋಗುತ್ತೇನೆ ಅಂದರೆ ಬೆಳಗಿನ ಕೆಲಸ ಕೆಟ್ಟ ಹಾಗೆಯೇ. ಹಾಗಾಗಿ ದೋಣಿ. ಕತ್ತಿ, ಕೊಡೆ, ದನದ ಹಗ್ಗದ ಜತೆ ಅದೂ ಮನೆಯ ಒಂದು ಸಾಮಾನು. ಅದರಲ್ಲಿ ಕೂರುವುದು ಖುಷಿಯ ವಿಷಯ ಅಂತ ಆಗ ಯಾರಿಗೂ ಹೊಳೆದಿರಲಿಲ್ಲ, ನನಗೂ ಇಲ್ಲ. ಚಿಕ್ಕಂದಿನಲ್ಲಿ ನನಗೆ ಸಿಕ್ಕಿದ್ದು ನೀರು ನೋಡುವ ಅಭ್ಯಾಸ. ದೋಣಿ ಮೇಲಿನ ಪ್ರೀತಿ ಅದರ ಬೆನ್ನಿಗೆ, ತುಂಬ ತಡವಾಗಿ ಬಂತು.

ಕೊಡಗಿನ ತೋಟದ ಮನೆಗಳಲ್ಲಿ ಮಳೆ ಅಳೆಯುವುದು ದಿನದ ಮೊದಲ ಕೆಲಸ. ಅಂಗಳದ ತುದಿಯಲ್ಲಿ ಮಳೆಮಾಪಕ ಇರುತ್ತದೆ. ಅಜ್ಜ ಬೆಳಿಗ್ಗೆ ಅದರ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, "ಮೂರು ಇಂಚು ನಲವತ್ತು ಸೆಂಟ್" ಅಂತ ಡೈರಿಯಲ್ಲಿ ಬರೆಯುತ್ತಿದ್ದರು. ನಾವು ಇವತ್ತಿಗೂ ಮಿಲಿಮೀಟರ್ ಲೆಕ್ಕಕ್ಕೆ ಬಂದಿಲ್ಲ. ಇಂಚು, ಮತ್ತೆ ಇಂಚಿನ ನೂರನೇ ಒಂದು ಭಾಗಕ್ಕೆ ಸೆಂಟ್. ಆದರೆ ಹೊಳೆಯ ಪಕ್ಕದಲ್ಲಿರುವವರಿಗೆ ಸ್ವಂತ ಅಂಗಳದ ಮಳೆ ಅಷ್ಟು ಮುಖ್ಯವಲ್ಲ. ಮುಖ್ಯವಾದದ್ದು ಭಾಗಮಂಡಲದ ಮಳೆ. ಕಾವೇರಿಗೆ ಕನ್ನಿಕೆ, ಸುಜ್ಯೋತಿ ಸೇರುವ ಆ ಜಾಗದಲ್ಲಿ ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ, ಮಳೆ ಬಿಡುವುದೇ ಇಲ್ಲ. ಅಲ್ಲಿ ವರ್ಷಕ್ಕೆ ಬೀಳುವ ಮಳೆಯ ಕಾಲು ಭಾಗವೂ ಕುಶಾಲನಗರದಲ್ಲಿ ಬೀಳುವುದಿಲ್ಲ. ನಮ್ಮಲ್ಲಿ ಬಿಸಿಲು ಕಾಯುತ್ತಿರುವಾಗಲೇ ಹೊಳೆ ಏರುವುದುಂಟು. ಅಜ್ಜ ಅಲ್ಲಿಯ ನೆಂಟರಿಗೆ ಫೋನ್ ಮಾಡಿ "ಎಷ್ಟು ಇಂಚು?" ಅಂತ ಕೇಳುತ್ತಿದ್ದರು. ಉತ್ತರ ಕೇಳಿ ಫೋನ್ ಇಟ್ಟ ಮೇಲೆ ನನ್ನ ಕಡೆ ತಿರುಗುತ್ತಿದ್ದರು. ಗೂಟ ನೋಡಿಕೊಂಡು ಬರುವುದು ನನ್ನ ಕೆಲಸ.

ಗೂಟ ಅಂದರೆ ದಂಡೆಯಲ್ಲಿ ಹುಗಿದ ಬಿದಿರು. ಅದರಲ್ಲಿ ಕತ್ತಿಯಿಂದ ಕಚ್ಚು ಹಾಕಿತ್ತು. ಮೂರನೇ ಕಚ್ಚು ಮುಳುಗಿದರೆ ದೋಣಿ ಬಂದ್. ದೋಣಿಯನ್ನು ಮೇಲಕ್ಕೆ ಎಳೆದು ಹಲಸಿನ ಮರಕ್ಕೆ ಕಟ್ಟಬೇಕು. ಶಾಲೆಗೂ ರಜೆ, ಅದು ಬೇರೆ ಖುಷಿ. ನಿಂತು ನೋಡುತ್ತಾ ನೋಡುತ್ತಾ ಗೂಟ ಇಲ್ಲದೆಯೂ ತಿಳಿಯತೊಡಗಿತು. ದಂಡೆಯ ಹುಲ್ಲಿನ ತುದಿ ನೀರೊಳಗೆ ಹಸಿರಾಗಿಯೇ ನಡುಗುತ್ತಿದ್ದರೆ ಹೊಳೆ ಏರುತ್ತಿದೆ. ಹುಲ್ಲು ಕೆಸರು ಮೆತ್ತಿಕೊಂಡು ಒಂದೇ ಕಡೆ ಬಾಗಿ ಮಲಗಿದ್ದರೆ ಇಳಿಯುತ್ತಿದೆ. ಮೊದಲ ಮಳೆಗೆ ನೀರು ಕೆಂಪು. ಆಮೇಲೆ ನೊರೆಯ ಉಂಡೆಗಳು ತೇಲಿ ಬರುತ್ತವೆ. ಬೇರು ಸಮೇತ ಬಿದಿರು ಬಂತು ಅಂದರೆ ಮೇಲೆ ಎಲ್ಲೋ ದಂಡೆ ಕುಸಿದಿದೆ. ಆಗ ಓಡಿ ಬಂದು ಮನೆಯಲ್ಲಿ ಹೇಳಬೇಕು.

ದೋಣಿ ನಡೆಸುತ್ತಿದ್ದವರು ನಮ್ಮ ಮನೆಯವರಲ್ಲ, ಪಕ್ಕದ ಲೈನ್ ಮನೆಯ, ಅಂದರೆ ತೋಟದ ಕೆಲಸಗಾರರ ಸಾಲುಮನೆಯ, ಒಬ್ಬ ಅಜ್ಜ. ಎಲ್ಲರಿಗೂ ಅವರು ದೋಣಿ ಅಜ್ಜ. ಮಾತು ಕಡಿಮೆ, ಎಲೆಅಡಿಕೆ ಜಾಸ್ತಿ. ಮಕ್ಕಳನ್ನು ಹತ್ತಿಸಿಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳುತ್ತಿದ್ದರು. "ಕೂಸೇ, ಇವತ್ತು ಎಲ್ಲಿಂದ ಬಿಡಾಣ?" ನಾವು ದಂಡೆಯಲ್ಲಿ ಒಂದು ಜಾಗ ತೋರಿಸಬೇಕು. ಸರಿ ಇದ್ದರೆ ಮಾತಿಲ್ಲದೆ ಹತ್ತಿಸುತ್ತಿದ್ದರು. ತಪ್ಪಾದರೆ ಒಂದು ಹಿಡಿ ತರಗೆಲೆ ಎತ್ತಿ ನೀರಿಗೆ ಎಸೆದು, ಅದು ಎಲ್ಲಿಗೆ ಹೋಗುತ್ತದೆ ನೋಡು ಅನ್ನುವ ಹಾಗೆ ಗಲ್ಲ ಎತ್ತುತ್ತಿದ್ದರು. ಎಲೆಗಳು ನಾವು ಇಳಿಯಬೇಕಾದ ಕಡವನ್ನು ದಾಟಿ ಕೆಳಗಿನ ಬಿದಿರು ಮೆಳೆಗೆ ಹೋಗಿ ಸಿಕ್ಕಿಕೊಳ್ಳುತ್ತಿದ್ದವು. ಅಲ್ಲಿಗೆ ಪಾಠ ಮುಗಿಯಿತು.

ಹೊಳೆ ದಾಟುವ ಲೆಕ್ಕ ಹೊರಗಿನವರಿಗೆ ತಲೆಕೆಳಗಾಗಿ ಕಾಣುತ್ತದೆ. ಆಚೆ ದಡಕ್ಕೆ ಹೋಗಬೇಕು ಅಂದರೆ ನೇರವಾಗಿ ಆಚೆ ಮುಖ ಮಾಡಬಾರದು. ಮೊದಲು ಈಚೆ ದಡದ ಪಕ್ಕದಲ್ಲೇ, ಸೆಳವು ಕಡಿಮೆ ಇರುವ ನೀರಲ್ಲಿ, ಸಾಕಷ್ಟು ಮೇಲಕ್ಕೆ ಗಳ ಹಾಕಿ ಹೋಗಬೇಕು. ಅಲ್ಲಿಂದ ದೋಣಿಯ ಮೂತಿಯನ್ನು ಸೆಳವಿಗೆ ಎದುರಾಗಿ, ಸ್ವಲ್ಪವೇ ಆಚೆ ದಡದ ಕಡೆ ಓರೆ ಮಾಡಿ ಹಿಡಿಯಬೇಕು. ಆಗ ಹೊಳೆಯೇ ದೋಣಿಯನ್ನು ಪಕ್ಕಕ್ಕೆ ತಳ್ಳುತ್ತದೆ. ನಮ್ಮ ಹುಟ್ಟಿನ ಕೆಲಸ ಆ ಓರೆ ತಪ್ಪದ ಹಾಗೆ ನೋಡಿಕೊಳ್ಳುವುದು ಅಷ್ಟೇ. ಓರೆ ಹೆಚ್ಚಾದರೆ ಸೆಳವು ಮೂತಿ ಹಿಡಿದು ತಿರುಗಿಸಿ ಕೆಳಕ್ಕೆ ಎಳೆದುಕೊಂಡು ಹೋಗುತ್ತದೆ. ಎಷ್ಟೋ ವರ್ಷದ ಮೇಲೆ ಗೈಡ್ ತರಬೇತಿಯಲ್ಲಿ ಇದಕ್ಕೆ ಇಂಗ್ಲಿಷ್ ಹೆಸರು ಕೊಟ್ಟು, ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಕಲಿಸಿದರು. ನಾನು ಸುಮ್ನೆ ಕೂತು ಕೇಳಿದೆ. ದೋಣಿ ಅಜ್ಜ ಒಂದು ಹಿಡಿ ತರಗೆಲೆಯಲ್ಲಿ ಮುಗಿಸಿದ್ದ ವಿಷಯ ಅದು.

ನಮ್ಮದೇ ಆಟ ಇದ್ದದ್ದು ಗದ್ದೆಯಲ್ಲಿ. ಮಳೆ ಜೋರಾದಾಗ ಹೊಳೆ ನೀರು ತೋಡಿನಲ್ಲಿ ಹಿಂದಕ್ಕೆ ಹತ್ತಿ ಗದ್ದೆ ಪೂರ್ತಿ ಕೆರೆಯಾಗುತ್ತಿತ್ತು. ಅಲ್ಲಿ ಸೆಳವಿಲ್ಲ, ಸೊಂಟದಷ್ಟು ನೀರು. ಗೊನೆ ಕಡಿದ ಬಾಳೆಯ ದಿಂಡು ನಾಲ್ಕೈದು ತಂದು ಸಾಲಾಗಿ ಇಟ್ಟು, ಅಡ್ಡಕ್ಕೆ ಬಿದಿರಿನ ಚೂಪು ಕಡ್ಡಿ ಚುಚ್ಚಿದರೆ ತೆಪ್ಪ ರೆಡಿ. ಹೊಸದಾಗಿ ಮಾಡಿದ ದಿನ ಅದು ಚೆನ್ನಾಗಿ ತೇಲುತ್ತದೆ. ದಿನ ಕಳೆದ ಹಾಗೆ ದಿಂಡು ನೀರು ಕುಡಿದು ಕೆಳಗಿಳಿಯುತ್ತದೆ, ಕೂತವರ ಚಡ್ಡಿ ಒದ್ದೆಯಾಗುತ್ತದೆ, ಕೊನೆಗೆ ಕೊಳೆತು ನಾರು ಬಿಡುತ್ತದೆ. ತೂಕ ಒಂದು ಕಡೆ ಆದರೆ ಮಗುಚುತ್ತದೆ, ನಿಂತರೆ ಜಾರುತ್ತದೆ, ಮಂಡಿಯೂರಿ ಕೂತರೆ ನಿಲ್ಲುತ್ತದೆ. ಇದನ್ನು ನಮಗೆ ಯಾರೂ ಹೇಳಿಕೊಡಲಿಲ್ಲ. ಜಿಗಣೆ ಕಚ್ಚಿಸಿಕೊಂಡು ಮನೆಗೆ ಬಂದರೆ ಅವ್ವ ಬೈಗುಳದ ಜತೆ ಉಪ್ಪು ತರುತ್ತಿದ್ದಳು. ಹೊಳೆಗೆ ತೆಪ್ಪ ಹಾಕಿದ್ದು ಗೊತ್ತಾದರೆ ಮಾತ್ರ ಬೈಗುಳದಲ್ಲಿ ಮುಗಿಯುತ್ತಿರಲಿಲ್ಲ, ಬೆತ್ತ ಬರುತ್ತಿತ್ತು. ಗದ್ದೆಯಲ್ಲಿ ಬಿಟ್ಟಿದ್ದು, ಹೊಳೆಯಲ್ಲಿ ತಡೆದದ್ದು ಎರಡೂ ಸರಿ ಅಂತ ನನಗೆ ಇವತ್ತಿಗೂ ಅನಿಸುತ್ತದೆ. ನೀರಿನ ಭಯ ಇಲ್ಲದ ಮಕ್ಕಳನ್ನು ಕಂಡರೆ ನನಗೆ ಹೆಮ್ಮೆ ಬರುವುದಿಲ್ಲ, ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಆಮೇಲೆ ಕಾಲೇಜು, ಮೈಸೂರಿನಲ್ಲಿ ಒಂದು ಕೆಲಸ. ಆ ವರ್ಷಗಳಲ್ಲಿ ಹೇಳುವಂಥದ್ದು ಏನೂ ಇಲ್ಲ. ಕುಕ್ಕರಹಳ್ಳಿ ಕೆರೆ ಸುತ್ತ ನಡೆಯುವಾಗ ನೀರು ಅಲ್ಲಾಡದೆ ನಿಂತದ್ದು ನೋಡಿ ಬೇಜಾರಾಗುತ್ತಿತ್ತು, ಅಷ್ಟೇ.

ವಾಪಸ್ ಬಂದದ್ದು ರಾಫ್ಟಿಂಗ್ ಕೆಲಸಕ್ಕೆ, ದಕ್ಷಿಣ ಕೊಡಗಿನ ಬರಪೊಳೆಗೆ. ಕಾವೇರಿ ಮೂಡಣಕ್ಕೆ ಹರಿದು ಬಂಗಾಳ ಕೊಲ್ಲಿಗೆ ಹೋದರೆ, ಬರಪೊಳೆ ಪಡುವಣಕ್ಕೆ ಇಳಿದು ಕೇರಳ ದಾಟಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಎರಡರ ಸ್ವಭಾವವೂ ಬೇರೆ. ನಮ್ಮ ಕಡೆಯ ಕಾವೇರಿ ಅಗಲ, ಮಳೆಗಾಲದಲ್ಲಿ ಸದ್ದಿಲ್ಲದೆ ಎಳೆಯುತ್ತದೆ. ಬರಪೊಳೆ ಕಿರಿದು, ಕಡಿದು, ಬಂಡೆಗಳ ನಡುವೆ ಕೂಗುತ್ತಾ ಇಳಿಯುತ್ತದೆ. ಮಳೆ ಇದ್ದರೆ ಮಾತ್ರ ಅಲ್ಲಿ ಕೆಲಸ. ಜೂನ್‌ನಿಂದ ಸೆಪ್ಟೆಂಬರ್ ತನಕ, ಅಂದರೆ ಊರಲ್ಲಿ ನಮ್ಮ ದೋಣಿ ಮರಕ್ಕೆ ಕಟ್ಟಿರುವ ಕಾಲದಲ್ಲೇ. ಇಳಿಜಾರು ನೀರಿನ ಕಷ್ಟವನ್ನು ಒಂದರಿಂದ ಆರರ ತನಕ ಗ್ರೇಡ್ ಹಾಕುತ್ತಾರೆ. ಬರಪೊಳೆಯಲ್ಲಿ ನಾಲ್ಕರ ತನಕ ಸಿಗುತ್ತದೆ. ಒಂದೊಂದು ಇಳಿತಕ್ಕೂ ಹೆಸರಿದೆ. ಒಂದು ಮಾರ್ನಿಂಗ್ ಕಾಫಿ, ಇನ್ನೊಂದು ವಿಕೆಡ್ ವಿಚ್. ಇಂಗ್ಲಿಷ್ ಹೆಸರುಗಳೇ. ಆದರೂ ಕೊಡಗಿನಲ್ಲಿ ಒಂದಕ್ಕಾದರೂ ಕಾಫಿ ಹೆಸರು ಬಿದ್ದದ್ದು ನ್ಯಾಯವೇ ಅಲ್ವಾ?

ಅಲ್ಲಿ ನನಗೆ ಹುಟ್ಟು ಹಾಕುವುದು ಹೊಸದಾಗಿ ಕಲಿಯಬೇಕಾಯಿತು. ಗಾಳಿ ತುಂಬಿದ ರಾಫ್ಟಿನಲ್ಲಿ ಪರಿಚಯ ಇಲ್ಲದ ಆರೆಂಟು ಜನರನ್ನು ಒಂದೇ ತಾಳಕ್ಕೆ ತರುವುದು ಬೇರೆಯೇ ವಿದ್ಯೆ. ಆದರೆ ನೀರು ಓದುವುದು ಹೊಸದಾಗಿರಲಿಲ್ಲ. ಎರಡು ಬಂಡೆಗಳ ನಡುವೆ ನೀರು ನಾಲಿಗೆ ಚಾಚಿದ ಹಾಗೆ ನುಣ್ಣಗೆ, ಕೆಳಗೆ ಹೋದಂತೆ ಕಿರಿದಾಗುತ್ತಾ ಇಳಿದರೆ ಅದು ದಾರಿ. ಅದೇ ಗೆರೆ ತಿರುಗಿ, ಚೂಪು ತುದಿ ಮೇಲ್ಗಡೆಗೆ ಇದ್ದರೆ ಅಲ್ಲಿ ನೀರಿನಡಿ ಬಂಡೆ ಇದೆ. ದೊಡ್ಡ ಬಂಡೆಯ ಬೆನ್ನಿಗೆ ನೀರು ಹಿಮ್ಮುಖವಾಗಿ ಹರಿಯುತ್ತದೆ. ಅದರೊಳಗೆ ನುಗ್ಗಿದರೆ ರಾಫ್ಟ್ ನಿಲ್ಲುತ್ತದೆ, ಉಸಿರು ತೆಗೆದುಕೊಳ್ಳಬಹುದು. ಇದನ್ನು ಕಲಿಸುವವರು ಹೇಳಿ ಮುಗಿಸುವ ಮೊದಲೇ ನನ್ನ ಕಣ್ಣು ಅಲ್ಲಿಗೆ ಹೋಗಿರುತ್ತಿತ್ತು.

ಒಂದು ವಿಷಯದಲ್ಲಿ ಮಾತ್ರ ನಾನು ಎಲ್ಲರಿಗಿಂತ ಹೆದರುಪುಕ್ಕಲಿ. ನೀರಿಗೆ ಬಾಗಿದ ಬಿದಿರು ಮೆಳೆ. ಬಂಡೆಗೆ ಬಡಿದರೆ ಏಟಾಗುತ್ತದೆ, ಆದರೆ ನೀರೇ ಸುತ್ತಿಕೊಂಡು ಪಕ್ಕಕ್ಕೆ ಒಯ್ಯುವುದೂ ಉಂಟು. ಮೆಳೆಯೊಳಗೆ ನೀರು ನುಗ್ಗಿ ಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ. ಹಿಂದಿನಿಂದ ಇಡೀ ಹೊಳೆ ಒತ್ತುತ್ತಿರುತ್ತದೆ. ಲೈಫ್ ಜಾಕೆಟ್ ಅಲ್ಲಿ ಉಪಯೋಗಕ್ಕೆ ಬರುವುದು ಕಷ್ಟ. ಹಾಗಾಗಿ ರಾಫ್ಟ್ ಹತ್ತುವ ಮೊದಲು ಎಲ್ಲರಿಗೂ ಹೇಳುತ್ತಿದ್ದೆ: ಬಿದ್ದರೆ ಅಂಗಾತ ತೇಲಿ, ಕಾಲು ಕೆಳಗಿನ ಹರಿವಿನ ಕಡೆ, ಪಾದ ನೀರಿನ ಮೇಲೆ. ಹರಿಯುವ ನೀರಲ್ಲಿ ನಿಲ್ಲಲು ಹೋಗಬೇಡಿ, ಕಾಲು ಬಂಡೆ ಸಂದಿಗೆ ಸಿಕ್ಕಿದರೆ ಮೊಣಕಾಲು ನೀರೂ ಸಾಕು. ಮರ, ಮೆಳೆ ಕಂಡರೆ ಮಾತ್ರ ಬೋರಲಾಗಿ ತಿರುಗಿ ಶಕ್ತಿಯೆಲ್ಲ ಹಾಕಿ ಈಜಿ ದೂರ ಹೋಗಿ. ಅರ್ಧ ಜನ ಸೆಲ್ಫಿ ತೆಗೆಯುತ್ತಿದ್ದರು. ಅವರು ಫೋನ್ ಒಳಗಿಡುವ ತನಕ ನಾನು ಹಗ್ಗ ಬಿಚ್ಚುತ್ತಿರಲಿಲ್ಲ.

2019ರ ಆಗಸ್ಟ್‌ನಲ್ಲಿ ಕಾವೇರಿ ಕರಡಿಗೋಡು, ನೆಲ್ಯಹುದಿಕೇರಿ ಕಡೆ ಎಷ್ಟೋ ಮನೆಗಳನ್ನು ಕೊಂಡೊಯ್ದಳು. ನಮ್ಮ ಗೂಟ ಇದ್ದ ಜಾಗವೂ ದಂಡೆ ಸಮೇತ ಹೋಯಿತು. ಆಮೇಲೆ ಸ್ವಲ್ಪ ಕಾಲ ಹೊಳೆ ನೋಡುವ ಮನಸ್ಸೇ ಆಗಲಿಲ್ಲ. ಅದರ ಬಗ್ಗೆ ಇಷ್ಟು ಸಾಕು.

ಊರಿಗೆ ವಾಪಸ್ ಬಂದ ಮೇಲೆ ನನ್ನದೇ ಹರಿಗೋಲು ಕಟ್ಟಿಕೊಂಡೆ. ಫೈಬರ್ ದೋಣಿ ಕೊಳ್ಳಬಹುದಿತ್ತು, ಆದರೆ ಕಟ್ಟುವುದರಲ್ಲೇ ಒಂದು ರುಚಿ ಇದೆ. ಬಲಿತ ಬಿದಿರನ್ನು ಕತ್ತಲ ಪಕ್ಷದಲ್ಲಿ ಕಡಿಯಬೇಕು, ಹುಳ ಹಿಡಿಯುವುದಿಲ್ಲ ಅನ್ನುತ್ತಾರೆ ಹಿರಿಯರು. ನಾನು ಅದನ್ನೂ ಮಾಡಿದೆ, ಜತೆಗೆ ತೋಡಿನ ನೀರಲ್ಲಿ ನೆನೆಯಲೂ ಹಾಕಿದೆ. ಯಾವುದು ಕೆಲಸ ಮಾಡಿತೋ, ಹುಳ ಅಂತೂ ಬಂದಿಲ್ಲ. ಬಿದಿರನ್ನು ಸೀಳಿ ದಬ್ಬೆ ಮಾಡಿ, ನೆಲದ ಮೇಲೆ ಅಡ್ಡಡ್ಡ ಹೆಣೆದು, ನಡುವೆ ದಪ್ಪ ಕಲ್ಲು ಹೇರಬೇಕು. ಆಮೇಲೆ ಅಂಚಿನ ದಬ್ಬೆಗಳನ್ನು ಒಂದೊಂದಾಗಿ ಮೇಲಕ್ಕೆ ಬಗ್ಗಿಸಿ ಸುತ್ತು ಕಟ್ಟಬೇಕು. ಒಣಗಿದ ದಬ್ಬೆ ಇಲ್ಲೇ ಪಟ್ಟಂತ ಮುರಿಯುವುದು, ಹಾಗಾಗಿ ಹಸಿ ಇರುವಾಗಲೇ ಬಗ್ಗಿಸಬೇಕು. ಹಿಂದೆ ಹೊರಗೆ ಚರ್ಮ ಹೊದಿಸುತ್ತಿದ್ದರು. ನಾನು ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲೆ ಕಾಫಿ ಗೋಣಿ ಬಿಗಿದು, ಬಿಸಿ ಟಾರು ಬಳಿದೆ. ಇಬ್ಬರು ಆರಾಮಾಗಿ ಕೂರಬಹುದು, ಒಬ್ಬರೇ ಮಗುಚಿ ತಲೆ ಮೇಲೆ ಹೊರಬಹುದು.

1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಂಥದೇ ದುಂಡು ದೋಣಿಗಳನ್ನು ನೋಡಿ, ಇವು ನೆಟ್ಟಗೆ ಹೋಗುವುದಿಲ್ಲ, ಸದಾ ತಿರುಗುತ್ತಲೇ ಇರುತ್ತವೆ ಅಂತ ಬರೆದಿಟ್ಟಿದ್ದಾನೆ. ಪಕ್ಕದಲ್ಲಿ ಹುಟ್ಟು ಹಾಕಿದರೆ ಈಗಲೂ ಹಾಗೇ ಬುಗುರಿ ಆಗುತ್ತದೆ. ಹೋಗಬೇಕಾದ ಕಡೆಗೆ ಮುಖ ಮಾಡಿ ಮಂಡಿಯೂರಿ, ಮುಂದಿನ ನೀರನ್ನು ಎಂಟರ ಆಕಾರದಲ್ಲಿ ನಮ್ಮ ಕಡೆ ಎಳೆದುಕೊಳ್ಳಬೇಕು. ಬಾಳೆದಿಂಡಿನ ತೆಪ್ಪದಲ್ಲಿ ಮಂಡಿಯೂರಿದವರಿಗೆ ಇದು ಬೇಗ ಹತ್ತುತ್ತದೆ.

ಈಗ ಈ ಸುತ್ತಿನಲ್ಲಿ ದೋಣಿ ಬೇಕೇ ಬೇಕು ಅನ್ನುವವರು ಕಡಿಮೆ. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದ ಮೇಲೆ, ನಮಗೂ ಒಂದು ಬೇಕು ಅನ್ನದ ಹೊಳೆದಂಡೆ ಊರಿಲ್ಲ. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಸರಿಯಾದವರಿಗೇ ಬಂತು. ರಾತ್ರಿ ಹೆರಿಗೆ ನೋವು ಬಂದವಳನ್ನು ದೋಣಿಯಲ್ಲಿ ದಾಟಿಸಿದ ಊರಿನವರು ನಾವು. ಸೇತುವೆ ಬಂದದ್ದಕ್ಕೆ ನನಗೆ ಒಂದಿಷ್ಟೂ ಬೇಸರ ಇಲ್ಲ. ಆದರೆ ಸೇತುವೆ ಮೇಲೆ ನಡೆಯುವ ಮಕ್ಕಳು ಕೆಳಗೆ ನೋಡುವುದಿಲ್ಲ, ಅದೂ ನಿಜ.

ಅದಕ್ಕೇ ತಂಗಿಯ ಮಕ್ಕಳು ರಜೆಗೆ ಬಂದಾಗ ನಾನು ಮೊದಲ ದಿನವೇ ಹರಿಗೋಲಿಗೆ ಹತ್ತಿಸುವುದಿಲ್ಲ. ದಂಡೆಯಲ್ಲಿ ಕೂರಿಸಿ ತರಗೆಲೆ ಎಸೆಯಲು ಹೇಳುತ್ತೇನೆ. "ದೊಡ್ಡಮ್ಮ, ಬೋರು" ಅನ್ನುತ್ತಾರೆ. ಮಾರನೇ ದಿನ ಕೆರೆಯಲ್ಲಿ ಬಾಳೆ ತೆಪ್ಪ, ಲೈಫ್ ಜಾಕೆಟ್ ಹಾಕಿಸಿ. ಹೊಳೆಗೆ ಇಳಿಯುವುದು ಹುತ್ತರಿ, ಅಂದರೆ ಡಿಸೆಂಬರ್ ಸುಮಾರಿಗೆ ಬರುವ ನಮ್ಮ ಸುಗ್ಗಿ ಹಬ್ಬ, ಕಳೆದ ಮೇಲೆಯೇ. ಆಗ ನೀರು ತಿಳಿಯಾಗಿರುತ್ತದೆ, ಬಂಡೆಗಳು ಕಾಣುತ್ತವೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಎಲ್ಲರೂ ಸ್ಪ್ರಿಂಕ್ಲರ್ ಹಾಕಿ ಹೊಳೆ ನೀರು ಎತ್ತತೊಡಗಿದರೆ ಹರಿಗೋಲು ಬುಡ ಉಜ್ಜುತ್ತದೆ, ಹಾಗಾಗಿ ನಮಗೆ ಸಿಗುವುದು ನಡುವಿನ ಎರಡು ತಿಂಗಳು. ಸಂಜೆ ಕತ್ತಲಾಗುವ ಮೊದಲು ಮೇಲೆ ಬಂದುಬಿಡಬೇಕು, ಆನೆ ದಾಟುವ ಹೊತ್ತು ಅದು. ಹೋದ ಸಲ ದೊಡ್ಡವನು ಹತ್ತುವ ಮೊದಲೇ ದಂಡೆಯಲ್ಲಿ ಮೇಲಕ್ಕೆ ನಡೆದು, ಒಂದು ಅತ್ತಿ ಮರದ ಹತ್ತಿರ ನಿಂತು, ಇಲ್ಲಿಂದ ಬಿಡೋಣವಾ ಅಂತ ಕೇಳಿದ. ಇನ್ನೂ ಸ್ವಲ್ಪ ಮೇಲೆ ಹೋಗಬೇಕಿತ್ತು. ನಾನು ಏನೂ ಹೇಳದೆ ಎಲೆ ಎತ್ತಿಕೊಂಡೆ.