ಉಪ್ಪಿನಕಾಯಿ ಡಬ್ಬಿಯಲ್ಲಿ ಬಂದ ಕ್ಯಾನ್ಸರ್

ಸೋಮವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನಿಂದ ನಮ್ಮ ಲ್ಯಾಬ್ ಹುಡುಗ ಒಂದು ಉಪ್ಪಿನಕಾಯಿ ಡಬ್ಬಿ ತಂದಿಟ್ಟ. ಒಳಗೆ ಒಬ್ಬ ಹೆಂಗಸಿನ ಇಡೀ ಸ್ತನ. ತುರುಕಿ ತುಂಬಿದ್ದರು. ತಳದಲ್ಲಿ ಎರಡು ಬೆರಳಷ್ಟು ಫಾರ್ಮಲಿನ್, ಅಂದರೆ ತುಂಡು ಕೊಳೆಯದಂತೆ ಕಾಯುವ ದ್ರವ. ಮುಚ್ಚಳದ ಮೇಲೆ ಹೆಸರು, ವಯಸ್ಸು 46, ಶನಿವಾರದ ತಾರೀಕು. ಜೊತೆಗೆ ಸಣ್ಣದೊಂದು ಬಾಟಲಿಯಲ್ಲಿ ಕಂಕುಳಿನ ಗ್ರಂಥಿಗಳು. ಫಾರಂನಲ್ಲಿ ಬರೆದಿದ್ದು ಒಂದೇ ಪದ: ಗಂಟು.

ನಾನು ದಾವಣಗೆರೆಯಲ್ಲಿ ಪ್ಯಾಥಾಲಜಿಸ್ಟ್. ‘ರಕ್ತ ಪರೀಕ್ಷೆ ಮಾಡೋರು ಅಲ್ವಾ?’ ಅಂತ ನೆಂಟರು ಕೇಳುತ್ತಾರೆ. ಅದೂ ಮಾಡುತ್ತೇವೆ. ಆದರೆ ನನ್ನ ದಿನದ ಮುಕ್ಕಾಲು ಭಾಗ ಹೋಗುವುದು ಸುತ್ತಲಿನ ತಾಲ್ಲೂಕುಗಳಿಂದ ಬರುವ ಗಡ್ಡೆ, ಗರ್ಭಕೋಶ, ಪಿತ್ತಕೋಶಗಳನ್ನು ಕೊಯ್ದು ನೋಡುವುದರಲ್ಲಿ.

ಆ ದಿನ ಡಬ್ಬಿಯ ಬಾಯಿ ಚಿಕ್ಕದು. ಹೋಗುವಾಗ ಮೆತ್ತಗಿದ್ದದ್ದು ಈಗ ಹೊರಗೆ ಬಾರದು. ಡಬ್ಬಿಯನ್ನೇ ಕತ್ತರಿಸಿ ತೆಗೆದೆವು. ಕೊಯ್ದರೆ ಅಂಚು ಗಟ್ಟಿಯಾಗಿ ಬೂದು ಬಣ್ಣಕ್ಕೆ ತಿರುಗಿದೆ, ನಡುವೆ ಮಾತ್ರ ಕೆಂಪಗೆ, ಲೊಳಲೊಳ. ಫಾರ್ಮಲಿನ್ ಒಳಗೆ ಇಳಿಯುವುದು ಗಂಟೆಗೆ ಹೆಚ್ಚೆಂದರೆ 1 ಮಿಲಿಮೀಟರ್ ಲೆಕ್ಕ. ಕೊಬ್ಬು ಜಾಸ್ತಿ ಇದ್ದರೆ ಇನ್ನೂ ನಿಧಾನ. ಇಡೀ ಸ್ತನದ ನಡುವಿನವರೆಗೆ ಅದು ಹೋಗುವಷ್ಟರಲ್ಲಿ ಅಲ್ಲಿನ ಜೀವಕೋಶಗಳು ತಮ್ಮಷ್ಟಕ್ಕೇ ಕರಗಲು ಶುರು ಮಾಡಿರುತ್ತವೆ.

ತಪ್ಪು ಮಾಡಿದ್ದು ಇಲ್ಲಿಂದ ಮುಂದೆ. ಮಾಡಿದವಳು ನಾನೇ.

ಮೈಕ್ರೋಸ್ಕೋಪಿನಲ್ಲಿ ಕ್ಯಾನ್ಸರ್ ಅಂತ ಹೇಳುವುದಕ್ಕೆ ಕಷ್ಟವಾಗಲಿಲ್ಲ. ಆದರೆ ಸ್ತನದ ಕ್ಯಾನ್ಸರ್‌ಗೆ ಅಷ್ಟು ಹೇಳಿದರೆ ಸಾಲದು. ಕ್ಯಾನ್ಸರ್ ಕೋಶದಲ್ಲಿ ಇಆರ್, ಪಿಆರ್ (ಹೆಣ್ಣಿನ ಹಾರ್ಮೋನುಗಳು ಬಂದು ಕೂರುವ ಎರಡು ಪ್ರೋಟೀನ್), ಹರ್2 (ಕೋಶ ಬೆಳೆಯಲು ಪ್ರಚೋದಿಸುವ ಇನ್ನೊಂದು ಪ್ರೋಟೀನ್) ಇವೆಯಾ ಅಂತ ಮೂರನ್ನೂ ನೋಡಬೇಕು. ಇದ್ದರೆ ಪರೀಕ್ಷೆಯಲ್ಲಿ ಕೋಶ ಕಂದು ಬಣ್ಣ ಹಿಡಿಯುತ್ತೆ. ಇಆರ್ ಇದ್ದರೆ ಟಾಮೊಕ್ಸಿಫೆನ್‌ನಂತಹ ಮಾತ್ರೆ ಕೆಲಸ ಮಾಡುತ್ತೆ. ಹರ್2 ಇದ್ದರೆ ಟ್ರಾಸ್ಟುಜುಮಾಬ್ ಇಂಜೆಕ್ಷನ್. ಮೂರೂ ಇಲ್ಲದಿದ್ದರೆ ಅದಕ್ಕೆ ಟ್ರಿಪಲ್ ನೆಗೆಟಿವ್ ಅನ್ನುತ್ತೇವೆ. ಆ ಮಾತ್ರೆಯೂ ಇಲ್ಲ, ಆ ಇಂಜೆಕ್ಷನ್ನೂ ಇಲ್ಲ. ಈ ಪರೀಕ್ಷೆಗೆ ಬ್ಲಾಕ್, ಅಂದರೆ ಮೇಣದಲ್ಲಿ ಕೂರಿಸಿದ ತುಂಡು, ಬೆಂಗಳೂರಿಗೆ ಹೋಗುತ್ತೆ. ಗಡ್ಡೆ ಚೆನ್ನಾಗಿ ತುಂಬಿದೆ ಅಂತ ನಾನು ನಡುವಿನ ಬ್ಲಾಕನ್ನೇ ಆರಿಸಿ ಕಳಿಸಿದೆ.

ಮೂರೂ ನೆಗೆಟಿವ್ ಬಂತು. ರಿಪೋರ್ಟ್ ಟೈಪ್ ಆಗಿ ಸಹಿಗೆ ಮೇಜಿನ ಮೇಲಿತ್ತು. ಸ್ಲೈಡ್ ವಾಪಸ್ ಬಂದಿತ್ತಲ್ಲ, ಒಮ್ಮೆ ನೋಡಿಬಿಡೋಣ ಅಂತ ಇಟ್ಟೆ. ಗಡ್ಡೆಯ ಪಕ್ಕದಲ್ಲಿ ನಾಲ್ಕೈದು ಮಾಮೂಲಿ ಹಾಲಿನ ನಾಳಗಳಿದ್ದವು. ಆರೋಗ್ಯವಾಗಿರುವ ನಾಳದಲ್ಲೂ ಕೆಲವು ಕೋಶಗಳು ಇಆರ್‌ಗೆ ಕಂದು ಬಣ್ಣ ಹಿಡಿಯಲೇಬೇಕು. ಇಲ್ಲಿ ಒಂದೂ ಹಿಡಿದಿರಲಿಲ್ಲ. ಅಂದರೆ ಗಡ್ಡೆಯಲ್ಲಿ ಇಆರ್ ಇಲ್ಲ ಎನ್ನುವಂತಿಲ್ಲ. ಹಾಳಾದ ಈ ತುಂಡಿನಲ್ಲಿ ಪರೀಕ್ಷೆ ಕೆಲಸವೇ ಮಾಡಿಲ್ಲ.

ಆಗ ನೆನಪಾಗಿದ್ದು ಆ ಸಣ್ಣ ಬಾಟಲಿ. ಗ್ರಂಥಿಗಳು ಚಿಕ್ಕವು, ಬಾಟಲಿ ತುಂಬ ಫಾರ್ಮಲಿನ್ ಇತ್ತು, ಅವು ಚೆನ್ನಾಗಿ ಫಿಕ್ಸ್ ಆಗಿದ್ದವು, ಅಂದರೆ ಕೊಳೆಯದೆ ಗಟ್ಟಿಯಾಗಿದ್ದವು. ಎರಡು ಗ್ರಂಥಿಗೆ ಕ್ಯಾನ್ಸರ್ ಹರಡಿತ್ತು. ಆ ಬ್ಲಾಕನ್ನೂ, ಗಡ್ಡೆಯ ಅಂಚಿನ ಇನ್ನೊಂದು ಬ್ಲಾಕನ್ನೂ ಕಳಿಸಿದೆ. ಎರಡರಲ್ಲೂ ಇಆರ್ ಗಾಢವಾದ ಕಂದು. ನೂರಕ್ಕೆ ಒಂದು ಕೋಶ ಬಣ್ಣ ಹಿಡಿದರೂ ಪಾಸಿಟಿವ್ ಎನ್ನುವ ನಿಯಮ ಇರುವಾಗ, ಇಲ್ಲಿ ಮುಕ್ಕಾಲಿಗಿಂತ ಜಾಸ್ತಿ. ವರ್ಷಗಟ್ಟಲೆ ನುಂಗಬೇಕಾದ ಒಂದು ಅಗ್ಗದ ಮಾತ್ರೆ ಆ ಹೆಂಗಸಿಗೆ ತಪ್ಪಿಹೋಗುತ್ತಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಹಳೆಯ ರಿಪೋರ್ಟ್‌ಗಳು ತಲೆಯಲ್ಲಿ ಸುತ್ತುತ್ತಿದ್ದವು. ಮರುವಾರ ಕೂತು ಹಿಂದಿನ ಎರಡು ವರ್ಷದ ಟ್ರಿಪಲ್ ನೆಗೆಟಿವ್ ಸ್ಲೈಡ್‌ಗಳನ್ನೆಲ್ಲ ತೆಗೆದು ಮಾಮೂಲಿ ನಾಳ ಬಣ್ಣ ಹಿಡಿದಿದೆಯಾ ಅಂತ ನೋಡಿದೆ. ಅನುಮಾನ ಬಂದ ಒಂದನ್ನು ಮತ್ತೆ ಕಳಿಸಿದೆ. ಅದೃಷ್ಟಕ್ಕೆ ಅದು ನಿಜಕ್ಕೂ ನೆಗೆಟಿವ್.

ಆಮೇಲೆ ಡಬ್ಬಿಯ ಹಿಂದೆ ಬಿದ್ದೆ. ಮೊದಲು ಸರ್ಜನ್‌ಗಳಿಗೆ ಪತ್ರ ಬರೆದೆ, ಅಚ್ಚುಕಟ್ಟಾಗಿ, ಒಂದು ಪುಟ. ಏನೂ ಆಗಲಿಲ್ಲ. ಒಂದು ದಿನ ಆ ನರ್ಸಿಂಗ್ ಹೋಮ್‌ಗೇ ಹೋದೆ. ಓಟಿ ಸಿಸ್ಟರ್ ನೇರವಾಗಿ ಹೇಳಿದರು: ‘ಅಷ್ಟು ದೊಡ್ಡ ಡಬ್ಬಿ ಎಲ್ಲಿಂದ ತರೋಣ ಮೇಡಂ? ಮನೆಯಿಂದ ತಂದಿದ್ದು ಅದು.’ ನನಗೆ ನಾಚಿಕೆಯಾಯಿತು. ಅಲ್ಲಿಯವರೆಗೆ ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

ಈಗ ಡಬ್ಬಿ ನಮ್ಮ ಲ್ಯಾಬಿನಿಂದಲೇ ಹೋಗುತ್ತೆ. ಅಗಲ ಬಾಯಿಯ 5 ಲೀಟರ್ ಬಕೆಟ್, ಮುಚ್ಚಳ ಗಟ್ಟಿ. ಒಳಗೆ ಫಾರ್ಮಲಿನ್ ತುಂಬಿಯೇ ಕಳಿಸುತ್ತೇವೆ. ಅಂಗಡಿಯ ಫಾರ್ಮಲಿನ್ 1 ಪಾಲು, ನೀರು 9 ಪಾಲು. ಲೀಟರಿಗೆ 4 ಗ್ರಾಂ ಮತ್ತು 6.5 ಗ್ರಾಂ ಎರಡು ಬಗೆಯ ಸೋಡಿಯಂ ಫಾಸ್ಫೇಟ್. ಈ ಉಪ್ಪು ಹಾಕದಿದ್ದರೆ ಫಾರ್ಮಲಿನ್ ಹುಳಿಯಾಗಿ ಸ್ಲೈಡಿನ ಮೇಲೆ ಕಂದು-ಕಪ್ಪು ಪುಡಿ ಕೂರುತ್ತೆ. ತುಂಡಿನ ಹತ್ತು ಪಟ್ಟು ದ್ರವ ಇರಬೇಕು ಅನ್ನುತ್ತಾರೆ. ಇಡೀ ಸ್ತನಕ್ಕೆ ಅದು ಬಸ್ಸಿನಲ್ಲಿ ಆಗದ ಮಾತು. ಪೂರ್ತಿ ಮುಳುಗಿರಲಿ, ನಮ್ಮಲ್ಲಿಗೆ ಬಂದ ಮೇಲೆ ಬದಲಾಯಿಸುತ್ತೇವೆ ಅಂತ ಒಪ್ಪಿಕೊಂಡೆವು. (1893ರಲ್ಲಿ ಫರ್ಡಿನಾಂಡ್ ಬ್ಲುಮ್ ಎಂಬ ಜರ್ಮನ್ ವೈದ್ಯ ಫಾರ್ಮಲಿನ್ ಕ್ರಿಮಿ ಕೊಲ್ಲುತ್ತಾ ಅಂತ ಪರೀಕ್ಷೆ ಮಾಡುವಾಗ ತನ್ನ ಬೆರಳಿನ ಚರ್ಮವೇ ಗಟ್ಟಿಯಾದದ್ದನ್ನು ಕಂಡನಂತೆ. ಅಲ್ಲಿಂದ ಇಲ್ಲಿಯವರೆಗೆ ನಮ್ಮ ಕಣ್ಣುರಿ ನಿಂತಿಲ್ಲ.)

ಒಂದು ಕಡೆ ಜಗಳವೂ ಆಯಿತು. ಫಾರ್ಮಲಿನ್ ಒಳಗೆ ಇಳಿಯಬೇಕಾದರೆ ತುಂಡನ್ನು ಒಮ್ಮೆ ಕೊಯ್ಯಬೇಕು. ಸರ್ಜನ್ ಕೇಳಿದರು: ‘ಕೊಯ್ದರೆ ಅಂಚು ಹಾಳಾಯ್ತು ಅಂತ ನೀವೇ ಬೈತೀರಿ, ಈಗ ಕೊಯ್ಯಿ ಅಂತೀರಿ.’ ಮಾತು ಸರಿಯೇ, ಗಡ್ಡೆ ಪೂರ್ತಿ ಹೊರಬಂದಿದೆಯಾ ಅಂತ ಹೇಳುವುದು ಆ ಅಂಚು ನೋಡಿಯೇ. ಕೊನೆಗೆ ಹೀಗೆ ನಿಂತಿತು: ಮೇಲ್ತುದಿಗೆ ಗುರುತಿಗೆ ಒಂದು ದಾರ ಕಟ್ಟುವುದು, ಹಿಂಬದಿಯಿಂದ ಗಡ್ಡೆಯ ಮೂಲಕ ಒಂದೇ ಕೊಯ್ತ, ಚರ್ಮ ಮುಟ್ಟದ ಹಾಗೆ, ನಡುವೆ ಗಾಜ್ ಬಟ್ಟೆ. ಮಿಕ್ಕ ಹೋಳುಗಳನ್ನು ನಾನು ಮಾಡುತ್ತೇನೆ. ಅದಕ್ಕಾಗಿ ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಲ್ಯಾಬಿಗೆ ಹೋಗುತ್ತೇನೆ. ಮನೆಯಲ್ಲಿ ಗೊಣಗುತ್ತಾರೆ, ತಿಂಡಿ ಆರಿಹೋಗುತ್ತೆ, ಅಷ್ಟೇ.

ಬಕೆಟ್ಟಿನ ಮೇಲಿನ ಚೀಟಿಯಲ್ಲಿ ಎರಡು ಮನೆ ಹಾಕಿಸಿದೆ: ಹೊರತೆಗೆದ ಸಮಯ, ಫಾರ್ಮಲಿನ್‌ಗೆ ಹಾಕಿದ ಸಮಯ. ನಡುವಿನ ಅಂತರ ಒಂದು ಗಂಟೆ ಮೀರಬಾರದು. ಫಾರ್ಮಲಿನ್‌ನಲ್ಲಿ ಕನಿಷ್ಠ 6 ಗಂಟೆ, ಹೆಚ್ಚೆಂದರೆ 72. ಹಬ್ಬದ ರಜೆ ಸೇರಿಕೊಂಡರೆ 72 ಎಲ್ಲಿ ಮುಗಿಯುತ್ತೆ ಅಂತ ಕ್ಯಾಲೆಂಡರ್ ನೋಡಿ ಲೆಕ್ಕ ಹಾಕುವುದು ಈಗ ನಮ್ಮ ಟೆಕ್ನಿಷಿಯನ್ ಕೆಲಸ.

ಒಂದು ಪಾಠ ನನಗೇ ತಿರುಗಿ ಬಿತ್ತು. ‘ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿ, ಸಲೈನ್‌ನಲ್ಲಿ ಹಾಕಬೇಡಿ’ ಅಂತ ಊರೂರಿಗೆ ಹೇಳಿ ಬಂದಿದ್ದೆನಲ್ಲ. ಒಬ್ಬ ಹುಡುಗನ ಕುತ್ತಿಗೆಯ ಗ್ರಂಥಿ ಬಂತು, ಪೂರ್ತಿ ಫಾರ್ಮಲಿನ್‌ನಲ್ಲಿ. ನೋಡಿದರೆ ಕ್ಯಾನ್ಸರ್ ಅಲ್ಲ, ಟಿಬಿ ಇದ್ದ ಹಾಗಿದೆ. ಟಿಬಿ ಕ್ರಿಮಿಯನ್ನು ಬೆಳೆಸಿ ನೋಡಲು ಹಸಿ ತುಂಡು ಬೇಕು. ಫಾರ್ಮಲಿನ್ ಕ್ರಿಮಿಯನ್ನೂ ಕೊಂದಿತ್ತು. ಹುಡುಗನಿಗೆ ಮತ್ತೊಮ್ಮೆ ಸೂಜಿ ಚುಚ್ಚಬೇಕಾಯಿತು. ಸಿಸ್ಟರ್ ಫೋನಿನಲ್ಲಿ, ‘ನೀವೇ ಹೇಳಿದ್ದು ಮೇಡಂ’ ಅಂದರು. ಈಗ ಚೀಟಿಯ ಕೆಳಗೆ ದಪ್ಪಕ್ಷರದಲ್ಲಿ ಒಂದು ಸಾಲು ಸೇರಿದೆ: ಕುತ್ತಿಗೆ, ಕಂಕುಳ ಗ್ರಂಥಿ ತೆಗೆಯುವ ಮುಂಚೆ ಲ್ಯಾಬಿಗೆ ಫೋನ್ ಮಾಡಿ.

ಇತ್ತೀಚೆಗೆ ಸಿಕ್ಕವರೆಲ್ಲ ಕೇಳುತ್ತಾರೆ, ಎಐ ಬಂದ ಮೇಲೆ ನಿಮ್ಮ ಕೆಲಸ ಏನು ಅಂತ. ಬರಲಿ, ಕೋಶ ಎಣಿಸುವ ಕೆಲಸ ಅದು ಮಾಡಿದರೆ ನನ್ನ ಕಣ್ಣಿಗೆ ಒಳ್ಳೆಯದೇ. ಆದರೆ ಕೊಳೆತ ತುಂಡಿನ ಸ್ಲೈಡ್ ಅದಕ್ಕೂ ಕೊಳೆತದ್ದೇ.

ಕಳೆದ ವಾರ ಅದೇ ನರ್ಸಿಂಗ್ ಹೋಮ್‌ನಿಂದ ಬಕೆಟ್ ಬಂತು. ದಾರ ಇತ್ತು, ಗಾಜ್ ಇತ್ತು. ಹೊರತೆಗೆದದ್ದು 2.40, ಫಾರ್ಮಲಿನ್‌ಗೆ ಹಾಕಿದ್ದು 2.50, ಸಿಸ್ಟರ್ ಕೈಬರಹ. ಡಾಕ್ಟರ್ ತುಂಬಬೇಕಾದ ರೋಗದ ವಿವರದ ಜಾಗದಲ್ಲಿ ಮಾತ್ರ ಈಗಲೂ ಒಂದೇ ಪದ: ಗಂಟು.