ಏಳು ಲಕ್ಷ ಇದ್ದರೆ ಐದು ಲಕ್ಷದ ಕಾರು

ಚಾರ್ಮಾಡಿ ಘಾಟಿ ಇಲ್ಲದೇ ಹೋಗಿದ್ದರೆ ನಾನು ಈ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು, ಅಬಾರ್ತ್ ಪುಂಟೊ, ತಗೊಳ್ಳುತ್ತಲೇ ಇರಲಿಲ್ಲ. ನಮ್ಮ ಮನೆ ಬೆಳ್ತಂಗಡಿ ಕಡೆ, ಕೆಲಸ ಬೆಂಗಳೂರಿನಲ್ಲಿ. ತಿಂಗಳಿಗೊಮ್ಮೆ ಊರಿಗೆ ಹೋಗುವಾಗ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿ ಇಳಿಯಲು ಶುರು ಮಾಡಿದರೆ, ನನ್ನ ಹಳೆಯ ಕಾರು ಒಂದೊಂದು ತಿರುವಿನಲ್ಲೂ ದೋಣಿಯ ಹಾಗೆ ವಾಲುತ್ತಿತ್ತು. 2022ರಲ್ಲಿ ಅದನ್ನು ಮಾರಿದೆ. ಅದೂ ಇದೂ ಸೇರಿ ಕೈಯಲ್ಲಿ ಏಳು ಲಕ್ಷ ಆಯಿತು. ಓಡಿಸುವಾಗ ಖುಷಿ ಕೊಡುವ ಕಾರು ಬೇಕು, ಹಳೆಯದಾದರೂ ಪರವಾಗಿಲ್ಲ ಅಂದುಕೊಂಡೆ. ಹೆಂಡತಿ ಒಂದೇ ಷರತ್ತು ಹಾಕಿದಳು. ಹಿಂದೆ ಸೀಟು ಇರಬೇಕು, ಮಗಳು ಆರಾಮಾಗಿ ಕೂರಬೇಕು.

ಆ ಷರತ್ತಿಗೆ ನನ್ನ ಕಾಲೇಜು ದಿನಗಳ ಕನಸು ಅಲ್ಲೇ ಮುಗಿಯಿತು. ಗೋವಾದಲ್ಲಿ ತಯಾರಾಗುತ್ತಿದ್ದ ಸ್ಯಾನ್ ಸ್ಟಾರ್ಮ್ ನೆನಪಿದೆಯಾ? ಎರಡೇ ಸೀಟು, ಫೈಬರ್ ಬಾಡಿ, ರೆನೋ ಕಂಪನಿಯ 1.2 ಲೀಟರ್ ಎಂಜಿನ್. ನೋಡಲು ಪಕ್ಕಾ ಸ್ಪೋರ್ಟ್ಸ್ ಕಾರು, ಶಕ್ತಿ ಮಾತ್ರ 60 ಕುದುರೆಯಷ್ಟು. ಆದರೂ ಈಗಲೂ ಎಲ್ಲಾದರೂ ಕಂಡರೆ ನಿಂತು ನೋಡುತ್ತೇನೆ.

ಇನ್ನೊಂದು ಆಸೆ ಹುಟ್ಟಿಸಿದ್ದು ಗೆಳೆಯ. ಹದಿನೈದು ವರ್ಷ ಹಳೆಯ ಜರ್ಮನ್ ಕೂಪೆಯೊಂದು ಆರೂವರೆ ಲಕ್ಷಕ್ಕಿತ್ತು. ಹೊಸದರಲ್ಲಿ ಅದಕ್ಕೆ ಅರ್ಧ ಕೋಟಿ. ‘ಇಷ್ಟು ದುಡ್ಡಿಗೆ ಇದು ಸಿಗುತ್ತಾ ಮಾರಾಯಾ!’ ಅಂತ ಅವನ ವರಸೆ. ನಾನು ಜೆ.ಸಿ. ರಸ್ತೆಗೆ ಹೋಗಿ ಅದರ ಒಂದು ಹೆಡ್‌ಲೈಟಿನ ಬೆಲೆ ಕೇಳಿದೆ. ಎಂಬತ್ತು ಸಾವಿರ ಅಂದರು. ಸುಮ್ನೆ ಮನೆಗೆ ಬಂದೆ. ಕಾರಿಗೆ ವಯಸ್ಸಾದ ಹಾಗೆ ಕಾರಿನ ಬೆಲೆ ಇಳಿಯುತ್ತದೆ, ಪಾರ್ಟ್ಸ್ ಬೆಲೆ ಇಳಿಯುವುದಿಲ್ಲ. ಅರ್ಧ ಕೋಟಿಯ ಕಾರನ್ನು ಆರೂವರೆಗೆ ತಂದರೂ ರಿಪೇರಿ ಬಿಲ್ಲು ಅರ್ಧ ಕೋಟಿಯ ಕಾರಿನದೇ ಬರುತ್ತದೆ.

ಅವತ್ತು ರಾತ್ರಿಯೇ ಲೆಕ್ಕ ಹಾಕಿದೆ. ಏಳು ಲಕ್ಷದಲ್ಲಿ ಕಾರಿಗೆ ಐದೂಕಾಲು, ಅದಕ್ಕಿಂತ ಜಾಸ್ತಿ ಇಲ್ಲ. ಉಳಿದದ್ದು ಟೈರು, ಬೆಲ್ಟು, ಆಯಿಲ್ಲು, ಇನ್ಶೂರೆನ್ಸು, ಹೆಸರು ಬದಲಾವಣೆಗೆ. ಆಮೇಲೂ ಒಂದಷ್ಟು ಮಿಕ್ಕಬೇಕು, ಅದನ್ನು ಮೊದಲ ವರ್ಷ ಮುಟ್ಟಬಾರದು.

ಆ ದುಡ್ಡಿಗೆ ಎರಡು ಕಾರು ಕಣ್ಣಿಗೆ ಬಿದ್ದವು. ಒಂದು ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ, 1.2 ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ನೂಕಿ ಶಕ್ತಿ ಏರಿಸುವ ಸಾಧನ), 105 ಪಿಎಸ್, ಏಳು ಗೇರಿನ ಡಿಎಸ್‌ಜಿ, ಅಂದರೆ ತಾನೇ ಗೇರ್ ಬದಲಿಸುವ ಆಟೋಮ್ಯಾಟಿಕ್. ಒಳ್ಳೆಯ ಕಾರು, ಹೆದ್ದಾರಿಯಲ್ಲಿ ಬೆಣ್ಣೆ. ಆದರೆ ಅದರದ್ದು ಆಯಿಲ್ಲಿನಲ್ಲಿ ಮುಳುಗಿರದ ಡ್ರೈ ಕ್ಲಚ್. ಸಿಲ್ಕ್ ಬೋರ್ಡಿನ ಜಾಮಿನಲ್ಲಿ ಇಂಚು ಇಂಚು ತೆವಳುತ್ತಾ ವರ್ಷಗಟ್ಟಲೆ ಬಿಸಿಯಾದ ಕ್ಲಚ್ಚನ್ನು ನೋಡಿ ಅಳೆಯುವುದು ಕಷ್ಟ, ಗೇರ್‌ಬಾಕ್ಸ್ ಕೈಕೊಟ್ಟರೆ ಲಕ್ಷದ ಮಾತು. ಅದಕ್ಕಿಂತ ಹೆಚ್ಚಾಗಿ ನನಗೆ ಕೈಯಲ್ಲೇ ಗೇರ್ ಹಾಕಬೇಕಿತ್ತು.

ಇನ್ನೊಂದು ಅಬಾರ್ತ್ ಪುಂಟೊ. 2015ರ ಅಕ್ಟೋಬರ್‌ನಲ್ಲಿ 9.95 ಲಕ್ಷಕ್ಕೆ ಬಂದ ಫಿಯಟ್. 1.4 ಲೀಟರ್ ಟರ್ಬೊ ಪೆಟ್ರೋಲ್, 145 ಅಶ್ವಶಕ್ತಿ, ಐದು ಗೇರಿನ ಮ್ಯಾನುವಲ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಐದು ಬಾಗಿಲಿನ ಹ್ಯಾಚ್‌ಬ್ಯಾಕನ್ನು ಸ್ಪೋರ್ಟ್ಸ್ ಕಾರು ಅನ್ನಬಹುದಾ ಅಂತ ಮಡಿವಂತರು ಕೇಳುತ್ತಾರೆ. ಕೇಳಲಿ ಬಿಡಿ, ಮಗಳು ಕೂರುತ್ತಾಳೆ ತಾನೆ.

ಭಯ ಇದ್ದದ್ದು ಪಾರ್ಟ್ಸ್ ಬಗ್ಗೆ. ಫಿಯಟ್ ಅಷ್ಟರಲ್ಲಿ ನಮ್ಮ ದೇಶದಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತ್ತು. ಹಾಗಾಗಿ ಕಾರು ನೋಡುವ ಮೊದಲೇ ವಿಲ್ಸನ್ ಗಾರ್ಡನ್ನಿನಲ್ಲಿ ಫಿಯಟ್ ಪಳಗಿದ ಮೆಕ್ಯಾನಿಕ್ಕನ್ನು ಹುಡುಕಿದೆ. ಅವರು ಬೆರಳು ಮಡಚುತ್ತಾ ಹೇಳಿದರು. ಸಸ್ಪೆನ್ಷನ್ನಿನ ಸಾಕಷ್ಟು ಸಾಮಾನು ಮಾಮೂಲಿ ಪುಂಟೊದ್ದೇ ಆಗುತ್ತದೆ, ಎಂಜಿನ್ನಿನದ್ದು ಒಂದಷ್ಟು ಫಿಯಟ್‌ನದೇ ಇನ್ನೊಂದು ಕಾರಾದ ಲಿನಿಯಾ ಟಿ-ಜೆಟ್‌ನದು ಹೊಂದುತ್ತದೆ. ‘ಬಂಪರ್, ಅಲಾಯ್ ಮಾತ್ರ ಒಡ್ಕೋಬೇಡಿ ಸಾರ್, ಆಮೇಲೆ ಸನ್ಯಾಸಿ ಥರ ಊರೂರು ಅಲೀಬೇಕು.’ ನನ್ನ ಪ್ರಕಾರ ಅಪರೂಪದ ಕಾರು ತಗೊಳ್ಳುವವರು ಕಾರಿಗಿಂತ ಮುಂಚೆ ಮೆಕ್ಯಾನಿಕ್ಕನ್ನೇ ಹುಡುಕಬೇಕು.

ಎರಡು ತಿಂಗಳಲ್ಲಿ ನೋಡಿದ್ದು ಮೂರೇ ಅಬಾರ್ತ್.

ಮೊದಲನೆಯದು ಫಳಫಳ ಹೊಳೆಯುತ್ತಿತ್ತು. ‘ಕೋಲ್ಡ್ ಸ್ಟಾರ್ಟ್ ನೋಡಬೇಕು, ನಾನು ಬರುವವರೆಗೆ ಎಂಜಿನ್ ಹಾಕಬೇಡಿ’ ಅಂತ ಹೇಳಿದ್ದೆ. ಹೋಗಿ ಬಾನೆಟ್ ಮೇಲೆ ಕೈಯಿಟ್ಟರೆ ಬಿಸಿ. ‘ಈಗ ತಾನೇ ತೊಳೆಸಿಕೊಂಡು ಬಂದೆ ಸರ್’ ಅಂದರು. ಇರಬಹುದು. ಎರಡು ದಿನ ಬಿಟ್ಟು, ಹೇಳದೆ ಬೆಳಿಗ್ಗೆ ಏಳಕ್ಕೇ ಹೋದೆ. ಎಂಜಿನ್ ಹಾಕುತ್ತಿದ್ದಂತೆ ಹಿಂದಿನಿಂದ ನೀಲಿ ಹೊಗೆ. ಆಯಿಲ್ ಉರಿಯುತ್ತಿದೆ ಅಂತ ಅರ್ಥ. ಎಂಜಿನ್ ಬಿಸಿಯಾದ ಮೇಲೆ ಅದು ಮಾಯ. ನಾನೂ ಮಾಯವಾದೆ.

ಎರಡನೆಯದು ದೆಹಲಿ ನಂಬರ್. ನಲವತ್ತು ಸಾವಿರ ಕಡಿಮೆ ಹೇಳಿದ್ದರು. ಅದನ್ನು ನಮ್ಮ ರಾಜ್ಯದ ನಂಬರಿಗೆ ತರಲು ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಲೈಫ್ ಟ್ಯಾಕ್ಸ್ ಬೇರೆ ಕಟ್ಟಬೇಕು, ಕಡಿಮೆ ಹೇಳಿದ ದುಡ್ಡು ಅಲ್ಲಿಗೇ ಸಮ. ಆದರೂ ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷಗಳನ್ನು ಓದುವ ನನ್ನ ಸಾವಿರ ರೂಪಾಯಿಯ ಒಬಿಡಿ ಸ್ಕ್ಯಾನರ್ ಸಿಕ್ಕಿಸಿ ಫೋನಿನಲ್ಲಿ ನೋಡಿದೆ. ಒಂದೂ ಎರರ್ ಕೋಡ್ ಇಲ್ಲ. ಖುಷಿಪಡಬೇಕಲ್ವಾ? ಇಲ್ಲ. ಪಕ್ಕದ ಪುಟದಲ್ಲಿ ಎಂಜಿನ್ನಿನ ಸ್ವಯಂ ಪರೀಕ್ಷೆಗಳು ‘ಇನ್ನೂ ಮುಗಿದಿಲ್ಲ’ ಅಂತ ತೋರಿಸುತ್ತಿದ್ದವು. ದಿನಾ ಓಡುವ ಕಾರಿನಲ್ಲಿ ಅವು ಮುಗಿದೇ ಇರುತ್ತವೆ. ಯಾರೋ ಆಗಷ್ಟೇ ಕೋಡ್ ಅಳಿಸಿದ್ದರೆ, ಇಲ್ಲವೇ ಬ್ಯಾಟರಿ ಕಳಚಿದ್ದರೆ ಹೀಗಾಗುತ್ತದೆ. ಕೇಳಿದೆ. ಉತ್ತರ ಬರಲಿಲ್ಲ. ಟರ್ಬೊ ಕಾರುಗಳಲ್ಲಿ ಇನ್ನೊಂದು ತಲೆನೋವು ರೀಮ್ಯಾಪ್. ಲ್ಯಾಪ್‌ಟಾಪ್ ಹಚ್ಚಿ ಶಕ್ತಿ ಜಾಸ್ತಿ ಮಾಡಿಸಿ, ಚಚ್ಚಿ ಓಡಿಸಿ, ಮಾರುವಾಗ ಹಳೆಯ ಫೈಲ್ ವಾಪಸ್ ಹಾಕಿಸುತ್ತಾರೆ. ಫೈಲ್ ವಾಪಸ್ ಬರುತ್ತದೆ, ಸವೆದ ಕ್ಲಚ್ ಬರುವುದಿಲ್ಲ. ಅದಕ್ಕೇ ನಾಲ್ಕನೇ ಗೇರಿನಲ್ಲಿ, ಎರಡು ಸಾವಿರ ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ನೋಡುತ್ತೇನೆ. ಆರ್‌ಪಿಎಂ ಮುಳ್ಳು ಜಿಗಿದು ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಅಂತಲೇ. ಈ ಕಾರಿನಲ್ಲಿ ಮುಳ್ಳು ಜಿಗಿಯಿತು.

ಮೂರನೆಯದು 2016ರ ಮಾಡೆಲ್, ಬೆಂಗಳೂರಿನದೇ, 48 ಸಾವಿರ ಕಿಲೋಮೀಟರ್. ಬಾನೆಟ್ ಮೇಲೆ ಗೀರು, ಹಿಂದಿನ ಬಾಗಿಲಲ್ಲಿ ಸಣ್ಣ ತಗ್ಗು. ಮಾಲೀಕರು ಐವತ್ತರ ಆಸುಪಾಸಿನವರು, ಮಾತು ಕಮ್ಮಿ. ಎಂಜಿನ್ ತಣ್ಣಗಿತ್ತು, ಹೊಗೆ ಬರಲಿಲ್ಲ. ಅವರೇ ಪಕ್ಕದಲ್ಲಿ ಕೂತರು, ನೈಸ್ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರ್ ಓಡಿಸಿದೆ. ವಾಪಸ್ ಬರುವಾಗ ಸ್ಟೀರಿಂಗ್ ಅವರಿಗೆ ಕೊಟ್ಟೆ. ಅವರು ಮನೆ ಮುಂದೆ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಎಂಜಿನ್ ಆರಿಸದೆ ಮಾತಾಡುತ್ತಾ ಕೂತರು. ಒಂದು ನಿಮಿಷ ಆದ ಮೇಲೆ ಕೀ ತಿರುಗಿಸಿದರು.

ನಾನು ಕಾರು ತಗೊಂಡದ್ದು ಆ ಒಂದು ನಿಮಿಷದಲ್ಲಿ. ಜೋರಾಗಿ ಓಡಿಸಿದ ಮೇಲೆ ಟರ್ಬೊ ಕೆಂಡದ ಹಾಗೆ ಕಾದಿರುತ್ತದೆ. ಅದನ್ನು ತಣಿಸುವುದರಲ್ಲಿ ಎಂಜಿನ್ ಆಯಿಲ್ಲಿನ ಪಾಲು ದೊಡ್ಡದು. ತಕ್ಷಣ ಎಂಜಿನ್ ಆರಿಸಿದರೆ ಆಯಿಲ್ ಹರಿಯುವುದು ನಿಂತು, ಬೇರಿಂಗಿನಲ್ಲಿ ಉಳಿದದ್ದು ಸುಟ್ಟು ಕರಿ ಕಟ್ಟುತ್ತದೆ. ಇದನ್ನು ಬಾಯಿಮಾತಲ್ಲಿ ಎಲ್ಲರೂ ಹೇಳುತ್ತಾರೆ. ಈ ಮನುಷ್ಯನ ಕೈಗೆ ಅದು ತಾನಾಗಿ ಬಂತು. ನನಗೆ ತೋರಿಸಲು ಮಾಡಿದ್ದಲ್ಲ.

ಹಾಗಂತ ಪರೀಕ್ಷೆ ಬಿಡಲಿಲ್ಲ. ಮೆಕ್ಯಾನಿಕ್ ಲಿಫ್ಟಿಗೆ ಏರಿಸಿ ಒಂದೂವರೆ ಗಂಟೆ ನೋಡಿದರು. ಟರ್ಬೊದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಪೈಪ್ ಬಿಚ್ಚಿ ಬೆರಳಾಡಿಸಿದರು. ತೆಳ್ಳಗೆ ಪಸೆ ಅಷ್ಟೇ, ಆಯಿಲ್ ನಿಂತಿರಲಿಲ್ಲ. ಫೆಂಡರ್ ಬೋಲ್ಟುಗಳ ಮೇಲೆ ಸ್ಪ್ಯಾನರ್ ಗುರುತಿಲ್ಲ, ಅಂದರೆ ಬಿಚ್ಚಿ ಕಟ್ಟಿದ್ದಲ್ಲ. ಮೊದಲ ಕಾರನ್ನೂ ಅವರಿಗೆ ತೋರಿಸಿದ್ದೆ, ಆಗ ‘ಗಾಡಿ ಚೆನ್ನಾಗಿದೆ ಸಾರ್, ಓಡ್ಸಿದೋರು ಚೆನ್ನಾಗಿಲ್ಲ’ ಅಂದಿದ್ದರು. ಈ ಸಲ ಏನೂ ಹೇಳಲಿಲ್ಲ, ಚಹಾ ತರಿಸಿದರು.

ಇನ್ಶೂರೆನ್ಸ್ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಶೇ 50 ಇತ್ತು. ಐದು ವರ್ಷ ಸತತವಾಗಿ ಕ್ಲೇಮ್ ಮಾಡದಿದ್ದರೆ ಮಾತ್ರ ಅಷ್ಟು ಸಿಗುತ್ತದೆ. ಆದರೆ ಆ ಬೋನಸ್ ಮಾಲೀಕರದ್ದು, ಕಾರಿನದಲ್ಲ. ಹಿಂದಿನ ಕಾರಿನಿಂದ ತಂದದ್ದೂ ಇರಬಹುದು. ಹಾಗಾಗಿ ಹಳೆಯ ಪಾಲಿಸಿಗಳನ್ನೂ ಕೇಳಿದೆ. ಎಲ್ಲವೂ ಒಂದೇ ಫೈಲಿನಲ್ಲಿದ್ದವು. ಇದೇ ಕಾರಣಕ್ಕೆ ಕಾರು ನನ್ನ ಹೆಸರಿಗಾದ ಮೇಲೆ ಆ ಬೋನಸ್ ನನಗೆ ಸಿಗಲಿಲ್ಲ. ಪ್ರೀಮಿಯಂ ಲೆಕ್ಕ ಹಾಕುವಾಗ ಇದನ್ನು ಮರೆಯಬೇಡಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಇತ್ತು. ಸಾಲ ತೀರಿತ್ತು, ಹೆಸರು ತೆಗೆಸಿರಲಿಲ್ಲ. ಬ್ಯಾಂಕಿನ ಎನ್‌ಒಸಿ ಮತ್ತು ಆ ಹೆಸರು ತೆಗೆಸುವ ಫಾರಂ 35 ಕೈಗೆ ಬರುವವರೆಗೆ ಅಡ್ವಾನ್ಸ್ ಬಿಟ್ಟು ಬೇರೆ ದುಡ್ಡು ಕೊಡಲಿಲ್ಲ. ಹೆಸರು ಬದಲಾವಣೆಯ ಫಾರಂ 29, 30ಕ್ಕೆ ಇಬ್ಬರೂ ಕೂತು ಸಹಿ ಹಾಕಿದೆವು.

ಮಾಲೀಕರು ಹೇಳಿದ ಬೆಲೆ 5.75 ಲಕ್ಷ. ಟೈರಿನ ಪಕ್ಕದಲ್ಲಿ 2217 ಅಂತಿತ್ತು, ಅಂದರೆ 2017ರ 22ನೇ ವಾರದಲ್ಲಿ ತಯಾರಾದದ್ದು. ಹೆಚ್ಚು ಸವೆದಿರದಿದ್ದರೂ ರಬ್ಬರ್ ಗಟ್ಟಿಯಾಗಿತ್ತು. ಟೈಮಿಂಗ್ ಬೆಲ್ಟ್ ಬದಲಾಯಿಸಿರಲಿಲ್ಲ. ಕಿಲೋಮೀಟರ್ ಕಮ್ಮಿ ಅಂತ ಅವರು ಅಂದುಕೊಂಡಿದ್ದರು, ಆದರೆ ಬೆಲ್ಟಿಗೆ ವರ್ಷವೂ ಲೆಕ್ಕಕ್ಕೆ ಬರುತ್ತದೆ. ಇವೆರಡನ್ನೂ ಮುಂದಿಟ್ಟೆ. 5.20ಕ್ಕೆ ಮುಗಿಯಿತು.

ಆಮೇಲಿನ ಖರ್ಚು: ನಾಲ್ಕು ಟೈರಿಗೆ ಮೂವತ್ತು ಸಾವಿರ, ಬೆಲ್ಟು, ವಾಟರ್ ಪಂಪು, ಆಯಿಲ್ಲುಗಳಿಗೆ ಇಪ್ಪತ್ತೆರಡು, ಇನ್ಶೂರೆನ್ಸ್ ಹದಿನೆಂಟು, ಹೆಸರು ಬದಲಾವಣೆಗೆ ಓಡಾಟ ಸೇರಿ ಎಂಟು. ಹೆಚ್ಚುಕಮ್ಮಿ ಆರು ಲಕ್ಷ. ಮಿಕ್ಕ ಒಂದು ಲಕ್ಷದಲ್ಲಿ ಮೊದಲ ವರ್ಷ ಒಂದು ಎಂಜಿನ್ ಮೌಂಟ್ ತಗೊಂಡೆ. ಪುಣೆಯಿಂದ ಬರಲು ಮೂರು ವಾರ ಹಿಡಿಯಿತು, ಅಷ್ಟು ದಿನ ಮೆಟ್ರೋ. ಊರೊಳಗೆ ಲೀಟರಿಗೆ ಒಂಬತ್ತು ಕಿಲೋಮೀಟರ್ ಕೊಟ್ಟರೆ ಪುಣ್ಯ. ನೆಲದಿಂದ ಎತ್ತರ 155 ಮಿಲಿಮೀಟರ್, ನಮ್ಮ ಬೀದಿಯ ಹಂಪ್ ಅದಕ್ಕಿಂತ ಹಠಮಾರಿ. ನಾಲ್ಕು ಜನ ಕೂತರೆ ಅಡ್ಡಡ್ಡ ಹತ್ತಿಸಬೇಕು.

ಹೊಸ ಟೈರು ಹಾಕಿಸಿದ ವಾರವೇ ಊರಿಗೆ ಹೊರಟೆ. ಕೊಟ್ಟಿಗೆಹಾರದಲ್ಲಿ ಮಳೆ ಶುರುವಾಯಿತು, ಮುಂದೆ ಕೆಎಸ್‌ಆರ್‌ಟಿಸಿ ಬಸ್ಸು. ಘಾಟಿಯ ಬುಡ ಮುಟ್ಟುವವರೆಗೂ ಅದರ ಹಿಂದೆಯೇ, ಎರಡನೇ ಗೇರಿನಲ್ಲಿ. ಮಗಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ನಾನು ಟೆಂಪರೇಚರ್ ಮುಳ್ಳನ್ನೇ ನೋಡುತ್ತಿದ್ದೆ. ಅದು ನಡುವಿನಿಂದ ಕದಲಲಿಲ್ಲ. ಮನೆ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಆರಿಸದೆ ಒಂದು ನಿಮಿಷ ಕೂತೆ. ‘ಪೆಟ್ರೋಲ್ ಬಿಟ್ಟಿ ಬಂತೇನೋ?’ ಅಂತ ಜಗಲಿಯಿಂದ ಅಪ್ಪ ಕೂಗಿದರು.