ಮನೆಯ ನಾತ ಹೋಗಲು ಸ್ಪ್ರೇ ಬೇಡ, ಒಂದು ಚೊಂಬು ನೀರು ತನ್ನಿ

ನೆಂಟರು ಬರುವ ದಿನ ಬಹಳಷ್ಟು ಮನೆಗಳಲ್ಲಿ ನಡೆಯುವುದು ಇದೇ: ಬಾತ್‌ರೂಮಿಗೆ ಅರ್ಧ ಬಾಟಲಿ ಫಿನಾಯಿಲ್, ನಡುಮನೆಗೆ ರೂಮ್ ಸ್ಪ್ರೇ, ದೇವರ ಮನೆಯಲ್ಲಿ ಒಂದು ಹಿಡಿ ಊದುಬತ್ತಿ. ಘಮ ಹೊರಗೆ ಹೋಗಬಾರದೆಂದು ಕಿಟಕಿ ಬೇರೆ ಮುಚ್ಚಿರುತ್ತಾರೆ. ಬಂದವರಲ್ಲಿ ಒಬ್ಬರಾದರೂ ಸೀನುತ್ತಾರೆ; ಉಬ್ಬಸದ ಮಗುವಿದ್ದರೆ ಇನ್‌ಹೇಲರ್ ಹೊರಬರುತ್ತದೆ. ಇಷ್ಟಾದರೂ ನಾತ ಹೋಗಿರುವುದಿಲ್ಲ.

ಸುವಾಸನೆಯ ಡಬ್ಬಿಗಳಲ್ಲಿ ನಿಂಬೆ, ಕಿತ್ತಳೆಯ ಪರಿಮಳ ಕೊಡುವುದು ಹೆಚ್ಚಾಗಿ ಲಿಮೊನೀನ್ ಎಂಬ ರಾಸಾಯನಿಕ. ಪೈನ್ ಪರಿಮಳದ ಫಿನಾಯಿಲ್‌ನಲ್ಲಿರುವುದು ಪೈನೀನ್‌ನಂಥವು. ಹೊರಗಿನಿಂದ ಒಳಬರುವ ಓಝೋನ್ ಜತೆ ಇವು ಕೂಡಿದಾಗ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳೂ ಹುಟ್ಟುತ್ತವೆ. ಫಾರ್ಮಾಲ್ಡಿಹೈಡ್ ಕಣ್ಣು, ಮೂಗು, ಗಂಟಲನ್ನು ಕೆರಳಿಸುವಂಥದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಪಟ್ಟಿಯಲ್ಲಿ ಅದು ಕ್ಯಾನ್ಸರ್‌ಕಾರಕ. ಡಬ್ಬಿ ತಿರುಗಿಸಿ ಓದಿದರೆ ಮಾತ್ರ ‘ಪರ್ಫ್ಯೂಮ್’ ಎಂಬ ಒಂದೇ ಮಾತು.

ಹಂತ 1: ಎಲ್ಲ ಪರಿಮಳ ನಿಲ್ಲಿಸಿ

ಸ್ಪ್ರೇ, ಪ್ಲಗ್‌ಗೆ ಸಿಕ್ಕಿಸುವ ಬಾಟಲಿ, ಬಾತ್‌ರೂಮಿನಲ್ಲಿ ತೂಗುವ ಬಿಲ್ಲೆ, ಎಲ್ಲವನ್ನೂ ಮೂರು ದಿನ ತೆಗೆದಿಡಿ. ನಮ್ಮ ಮನೆಯ ವಾಸನೆ ನಮ್ಮ ಮೂಗಿಗೆ ಹೊಂದಿಕೊಂಡಿರುತ್ತದೆ. ಹಾಗಾಗಿ ಹೊರಗಿನಿಂದ ಬಂದಾಗ ಬಾಗಿಲು ತೆರೆದ ಮೊದಲ ನಿಮಿಷದಲ್ಲೇ ಗಮನಿಸಿ, ಇಲ್ಲವೇ ಪಕ್ಕದ ಮನೆಯವರನ್ನು ಕರೆದು ಕೇಳಿ. ಸಂಕೋಚ ಬೇಡ.

ಹಂತ 2: ನಾತದ ಮೂಲ ಹಿಡಿಯಿರಿ

ಎಲ್ಲರೂ ಎಡವುವುದು ಇಲ್ಲೇ. ಬಾತ್‌ರೂಮ್ ನಾರುತ್ತಿದೆ ಎಂದರೆ ನೆಲ ಕೊಳಕಾಗಿದೆ ಎಂದುಕೊಂಡು ಮತ್ತೆ ಮತ್ತೆ ಫಿನಾಯಿಲ್ ಸುರಿಯುತ್ತಾರೆ. ನೆಲ ಲಕಲಕ ಹೊಳೆಯುತ್ತಿರುತ್ತದೆ, ನಾತ ಹಾಗೇ ಇರುತ್ತದೆ. ಏಕೆಂದರೆ ಅದು ಬರುತ್ತಿರುವುದು ನೆಲದಿಂದಲ್ಲ, ನೀರು ಇಳಿದುಹೋಗುವ ಜಾಲಿಯ ಕೆಳಗಿನ ಚರಂಡಿಯಿಂದ.

ಜಾಲಿಯ ಅಡಿಯಲ್ಲಿ ಟ್ರ್ಯಾಪ್ ಇರುತ್ತದೆ. ಅದರಲ್ಲಿ ಸುಮಾರು ಎರಡು ಇಂಚು ನೀರು ಸದಾ ನಿಂತಿರಬೇಕು. ಚರಂಡಿಯ ಗಾಳಿ ಮೇಲೆ ಬರದಂತೆ ತಡೆಯುವುದು ಆ ನೀರೇ. ಬಳಸದ ಗೆಸ್ಟ್ ಬಾತ್‌ರೂಮಿನಲ್ಲಿ, ಅದರಲ್ಲೂ ಬೇಸಿಗೆಯಲ್ಲಿ, ಅದು ಆರಿಹೋಗುತ್ತದೆ. ಪರೀಕ್ಷೆ ಸುಲಭ. ಗಟ್ಟಿ ಪ್ಲಾಸ್ಟಿಕ್ ಕವರಿಗೆ ಅರ್ಧ ನೀರು ತುಂಬಿ, ಬಾಯಿ ಕಟ್ಟಿ, ರಾತ್ರಿ ಜಾಲಿಯ ಮೇಲೆ ಕೂರಿಸಿ. ನೀರಿನ ಭಾರಕ್ಕೆ ಕವರ್ ಜಾಲಿಗೆ ಅಂಟಿಕೊಂಡು ತೂತೆಲ್ಲ ಮುಚ್ಚುತ್ತದೆ. ಬೆಳಗ್ಗೆ ನಾತ ಇಲ್ಲವೆಂದರೆ ಕಳ್ಳ ಸಿಕ್ಕಿದಂತೆ.

ಮೊದಲು ಒಂದು ಚೊಂಬು ನೀರು ನಿಧಾನವಾಗಿ ಹೊಯ್ಯಿರಿ. ಎಷ್ಟೋ ಮನೆಗಳಲ್ಲಿ ಕೆಲಸ ಇಷ್ಟಕ್ಕೇ ಮುಗಿಯುತ್ತದೆ. ಮುಂದೆ ವಾರಕ್ಕೊಮ್ಮೆ ಹೊಯ್ದರಾಯಿತು. ತಿಂಗಳುಗಟ್ಟಲೆ ಊರಿಗೆ ಹೋಗುವುದಿದ್ದರೆ ನೀರಿನ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡಿ, ನೀರು ಬೇಗ ಆರುವುದಿಲ್ಲ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಹೆಪ್ಪುಗಟ್ಟುತ್ತದೆ.

ಆಗಲೂ ನಾರಿದರೆ ಜಾಲಿ ಎತ್ತಿ. ಹಲವು ಟ್ರ್ಯಾಪುಗಳ ಒಳಗೆ ಬೋರಲು ಲೋಟದಂಥ ಕಪ್ ಇರುತ್ತದೆ. ನೀರು ಬೇಗ ಹೋಗಲಿ ಎಂದು ಎಷ್ಟೋ ಸಲ ಯಾರೋ ಅದನ್ನು ಕಿತ್ತು ಬಿಸಾಕಿರುತ್ತಾರೆ. ಅದಿಲ್ಲದಿದ್ದರೆ ಅಂಥ ಟ್ರ್ಯಾಪಿನಲ್ಲಿ ನೀರಿದ್ದರೂ ಚರಂಡಿಯ ಗಾಳಿಗೆ ತಡೆಯಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಅಳತೆ ತೋರಿಸಿ ಹೊಸದು ತನ್ನಿ. ಕಪ್ ಇದ್ದರೆ ಅದರ ಸುತ್ತ ಕೂದಲು ಮತ್ತು ಸೋಪಿನ ಲೋಳೆ ಕಟ್ಟಿರುತ್ತದೆ. ಕೈಗವಸು ಹಾಕಿ ಎಳೆದು ತೆಗೆಯಿರಿ, ಹಳೆಯ ಟೂತ್‌ಬ್ರಷ್, ಸೋಪಿನ ಪುಡಿ, ಬಿಸಿನೀರಿನಲ್ಲಿ ಉಜ್ಜಿ. ಕೊನೆಗೆ ವಾಶ್‌ಬೇಸಿನ್ ಕೆಳಗೆ ಬಗ್ಗಿ ನೋಡಿ. ಆ ಸುರುಳಿ ಪೈಪು ಗೋಡೆಯ ಇಲ್ಲವೇ ನೆಲದ ತೂತಿಗೆ ಸುಮ್ಮನೆ ತುರುಕಿದ್ದರೆ ಸುತ್ತಲಿನ ಸಂದಿಯಿಂದಲೂ ನಾತ ಬರುತ್ತದೆ. ಅಲ್ಲಿಗೆ ರಬ್ಬರ್ ಬಳೆ ಹಾಕಿಸಿ.

ಒಂದು ಎಚ್ಚರಿಕೆ. ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಮತ್ತು ಬ್ಲೀಚಿಂಗ್ ಪೌಡರ್ ಒಂದೇ ಹೊತ್ತಿಗೆ ಹಾಕಲೇಬೇಡಿ. ಎರಡೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ; ಕಿಟಕಿಯಿಲ್ಲದ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಅಪಾಯ.

ಹಂತ 3: ಬೀರು

ಬಟ್ಟೆ ಪೂರ್ತಿ ಒಣಗದೆ ಒಳಗಿಡಬೇಡಿ, ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಸರಿಸಿ, ಮಳೆ ಬಿಟ್ಟ ದಿನ ಬಾಗಿಲು ತೆರೆದು ಫ್ಯಾನ್ ಹಾಕಿ. ಬೂಷ್ಟು ಹೋಗುವುದು ಗಾಳಿ, ಬಿಸಿಲಿಗೆ, ಡಾಂಬರ್ ಗುಳಿಗೆಗಲ್ಲ. ಆ ಗುಳಿಗೆ ಬಹುಪಾಲು ನ್ಯಾಫ್ತಲೀನ್. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಎಳೆಗೂಸಿಗೆ ಅದರ ಆವಿ ತಗುಲಿದರೆ ರಕ್ತಕಣಗಳು ಒಡೆದು ಕಾಮಾಲೆ ಏರಬಹುದು. ಮಗುವಿಗೆ ಈ ಕೊರತೆ ಇದೆಯೋ ಇಲ್ಲವೋ ಮನೆಯವರಿಗೆ ಗೊತ್ತಿರುವುದಿಲ್ಲ. ಬಾಣಂತಿ ಇರುವ ಮನೆಯಲ್ಲಿ ಗುಳಿಗೆ ಬೇಡವೇ ಬೇಡ.

ಹಂತ 4: ಗಾಳಿ ಆಡಲಿ

ಎದುರುಬದುರು ಕಿಟಕಿಗಳನ್ನು ಹದಿನೈದು ನಿಮಿಷ ತೆರೆಯಿರಿ. ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಬಾಗಿಲು ಸ್ವಲ್ಪ ತೆರೆದಿರಲಿ; ಒಳಗೆ ಗಾಳಿ ಬರಲು ದಾರಿಯಿಲ್ಲದಿದ್ದರೆ ಅದು ಬರೀ ಸದ್ದು ಮಾಡುತ್ತದೆ.

ಹಂತ 5: ಊದುಬತ್ತಿಗೆ ಒಂದು ಮಿತಿ

ಮೈಸೂರು ಊದುಬತ್ತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇರುವ ನಾಡಿದು, ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ಹೊಗೆ ಹೊಗೆಯೇ. 24 ಗಂಟೆಯ ಸರಾಸರಿಯಲ್ಲಿ ಪಿಎಂ 2.5 ಎಂಬ ಅತಿ ಸೂಕ್ಷ್ಮ ಕಣಗಳು ಗಾಳಿಯ ಘನಮೀಟರಿಗೆ 15 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ ಮಿತಿ 60. ಮುಚ್ಚಿದ ಪುಟ್ಟ ದೇವರ ಮನೆಯಲ್ಲಿ ಒಂದು ಕಡ್ಡಿ ಉರಿಯುವಷ್ಟು ಹೊತ್ತು ಕಣಗಳ ಪ್ರಮಾಣ ಈ ಎರಡೂ ಅಂಕಿಗಳನ್ನು ಎಷ್ಟೋ ಮೀರಿರುತ್ತದೆ. ಒಂದೇ ಕಡ್ಡಿ ಹಚ್ಚಿ, ಬೆಳಗಿದ ಮೇಲೆ ತುಳಸಿಕಟ್ಟೆಗೋ ಬಾಲ್ಕನಿಗೋ ಸಿಕ್ಕಿಸಿ. ಕಚ್ಚಾ ಬತ್ತಿಯನ್ನು ಸೆಂಟಿನಲ್ಲಿ ಅದ್ದಿ ಮಾರುವ ಅಗ್ಗದ ಕಡ್ಡಿ ನನಗೆ ಸೇರದು. ಅದರಲ್ಲಿ ಸೆಂಟ್ ತೆಳುವಾಗಿಸಲು ಡೈಈಥೈಲ್ ಥ್ಯಾಲೇಟ್ ಎಂಬ ರಾಸಾಯನಿಕ ಬೆರೆಸುವುದು ಸಾಮಾನ್ಯ. ಹಚ್ಚಲೇಬೇಕಾದರೆ ಸುಗಂಧದ ಪುಡಿಗಳನ್ನೇ ಕಲಸಿ ಹೊಸೆದ ಮಸಾಲೆ ಬತ್ತಿ ತನ್ನಿ. ಇನ್ನೂ ಒಳ್ಳೆಯದು ಎರಡು ಸಂಪಿಗೆ ಹೂ. ಎರೆದ ಮಗುವಿಗೆ ಸಾಂಬ್ರಾಣಿ ಹೊಗೆ ಹಿಡಿಯುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ಬಟ್ಟೆಯಲ್ಲಿ ಒತ್ತಿ ಒರೆಸಿದರೆ ಆ ನಾಲ್ಕು ಕೂದಲು ಒಣಗುತ್ತವೆ.

ಸೊಳ್ಳೆ ಬತ್ತಿಯದು ಇನ್ನೂ ಕೆಟ್ಟ ಕಥೆ. ಒಂದು ಸುರುಳಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಕಣ ಹೊರಬೀಳುತ್ತದೆ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಸಣ್ಣ ಅಂಗಡಿಗಳಲ್ಲಿ ‘ಹರ್ಬಲ್’ ಹೆಸರಲ್ಲಿ ಸಿಗುವ ಸೊಳ್ಳೆ ಊದುಬತ್ತಿಗಳನ್ನಂತೂ ಮುಟ್ಟಬೇಡಿ. ಕೀಟನಾಶಕ ನೋಂದಣಿ ಸಂಖ್ಯೆ ಪೊಟ್ಟಣದ ಮೇಲೆ ಇಲ್ಲದಿದ್ದರೆ ಒಳಗೇನಿದೆ ಎಂದು ಅಂಗಡಿಯವನಿಗೂ ತಿಳಿಯದು. ಕಿಟಕಿಗೆ ಜಾಲರಿ ಹೊಡೆಸಿ, ಮಂಚಕ್ಕೆ ಸೊಳ್ಳೆಪರದೆ ಕಟ್ಟಿ. ಕಿಟಕಿ ತೆರೆದಿಡಲೂ ಆಗ ಧೈರ್ಯ ಬರುತ್ತದೆ.